ಪರ್ವತದ ಬುಡದಲ್ಲಿ ಸಾರು ಕಾಯಿಸುವ ಸುಧಾಮಣಿ

ಅಮೆರಿಕದ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಒಂದು ಮನೆಯ ಗ್ಯಾರೇಜ್ ಬಾಗಿಲು ಅರ್ಧ ಮೇಲೆದ್ದಿದೆ. ಒಳಗೆ ಸ್ವೆಟರಿನ ಮೇಲೆ ಸೆರಗು ಬಿಗಿದುಕೊಂಡ ಸುಧಾಮಣಿ ಬಾಣಲೆಯ ಮುಂದೆ ನಿಂತು ಕೊತ್ತಂಬರಿ ಬೀಜ ಹುರಿಯುತ್ತಿದ್ದಾರೆ. ಅಡುಗೆಮನೆ ಇರುವಾಗ ಗ್ಯಾರೇಜೇಕೆ? "ಒಳಗೆ ಮೆಣಸಿನಕಾಯಿ ಹುರಿದ್ರೆ ಸ್ಮೋಕ್ ಅಲಾರಂ ಬಡ್ಕೊಳ್ಳುತ್ತೆ. ಒಂದ್ಸಲ ಫೈರ್ ಎಂಜಿನ್ನೇ ಬಂದಿತ್ತು. ಪಾಪ, ಎಲ್ರೂ ಸೀನ್ಕೊಂಡು ವಾಪಸ್ ಹೋದ್ರು" ಎಂದು ನಗುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ. ಘಮ ಬಂದೊಡನೆ ಇಳಿಸಬೇಕು, ಚೂರು ತಡವಾದರೆ ಸಾರು ಕಹಿ.

ಈ ಸಾರಿನ ಪುಡಿ ಹೋಗುವುದು ಚೀನಾಕ್ಕೆ. ನ್ಯೂಯಾರ್ಕ್, ನ್ಯೂಜೆರ್ಸಿಯ ಕನ್ನಡದ ಹಿರಿಯರ ತಂಡವೊಂದು ಪ್ರತಿ ಅಕ್ಟೋಬರ್‌ನಲ್ಲಿ ಸಿಚುವಾನ್ ಪ್ರಾಂತ್ಯದ ಎಮೇ ಪರ್ವತಕ್ಕೆ ಹೊರಡುತ್ತದೆ. ಕಾಡು, ಮಂಜು, ಕೋತಿಗಳ ಹಿಂಡು, ಹಳೆಯ ಬೌದ್ಧ ದೇಗುಲಗಳು, ತುದಿಯಲ್ಲಿ ಹೊಳೆಯುವ ಚಿನ್ನದ ಬಣ್ಣದ ಬೋಧಿಸತ್ವ. ಹೋಗಿ ಬಂದವರು ತಿಂಗಳುಗಟ್ಟಲೆ ಅದನ್ನೇ ಹೇಳುತ್ತಾರೆ. ಅಲ್ಲಿ ತಮ್ಮ ಹೊಟ್ಟೆ ನೋಡಿಕೊಂಡವರ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಅಡುಗೆಯವರಾಗಿ ನಾಲ್ಕು ಸಲ ಹೋಗಿ ಬಂದ ಸುಧಾಮಣಿ ಆ ಪರ್ವತದ ತುದಿಯನ್ನು ಒಮ್ಮೆಯೂ ಕಂಡಿಲ್ಲ.

ಕಾರಣವಿದೆ. ದರ್ಶನವಾಗುವ ತನಕ ಊಟ ಮುಟ್ಟಬಾರದೆಂಬುದು ಈ ಹಿರಿಯರ ಪದ್ಧತಿ. ಬುದ್ಧನ ಗುಡಿಯಾದರೇನು, ಗುಡಿ ಗುಡಿಯೇ. ಕಾಫಿ ಮಾತ್ರ ಲೆಕ್ಕಕ್ಕಿಲ್ಲ! ಬೆಳಿಗ್ಗೆ ಅದನ್ನೊಂದು ಕುಡಿದು ಬಸ್ಸು, ಕೇಬಲ್ ಕಾರು ಹಿಡಿದು ಹೋದವರು ಇಳಿದು ಬರುವುದು ಮೂರು ಗಂಟೆಗೆ. ಅಷ್ಟರಲ್ಲಿ ಇಪ್ಪತ್ತೆರಡು ಜನಕ್ಕೆ ಬಿಸಿ ಅನ್ನ, ಸಾರು, ಪಲ್ಯ ಆಗಬೇಕು. ಬುಡದ ಊರಿನ ಗೆಸ್ಟ್‌ಹೌಸಿನ ಯಜಮಾನಿ ಒಂದು ಒಲೆ ಬಿಟ್ಟುಕೊಡುತ್ತಾರೆ. "ಆಯಮ್ಮಂಗೆ ನನ್ ಮಾತು ಬರಲ್ಲ, ನಂಗೆ ಆಯಮ್ಮನ ಮಾತು ಬರಲ್ಲ. ಆದ್ರೂ ಈಗ ಅವ್ರೂ ಬದನೇಕಾಯಿಗೆ ಸಾಸಿವೆ ಸಿಡಿಸ್ತಾರೆ" ಎನ್ನುತ್ತಾರೆ ಸುಧಾಮಣಿ.

ಚನ್ನರಾಯಪಟ್ಟಣದ ಈ ಹೆಣ್ಣುಮಗಳಿಗೆ ಈಗ ಐವತ್ತೊಂಬತ್ತು. ಗಂಡ ಸುಬ್ಬು ಅವರೊಂದಿಗೆ ಅಮೆರಿಕಕ್ಕೆ ಬಂದು ಹದಿನೇಳು ವರ್ಷ. ಅದರಲ್ಲಿ ಹನ್ನೊಂದು ವರ್ಷ ಪಕ್ಕದ ಇಸಲಿನ್‌ನ ತಿಂಡಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ದಿನಕ್ಕೆ ಮುನ್ನೂರು ದೋಸೆ ಹುಯ್ದಿದ್ದಾರೆ. ನಿಂತೂ ನಿಂತೂ ಮಂಡಿ ಸವೆದಿದೆ. "ಸ್ನೋ ಬೀಳೋವಾಗ ಬಸ್ಸಿಗೆ ಕಾಯ್ತಾ ಅತ್ತಿದ್ದೂ ಉಂಟು. ಸುಳ್ಳು ಯಾಕೆ ಹೇಳ್ಲಿ?" ಆ ದೋಸೆಗೆ ಮನಸೋತವರೇ ತಂಡದ ಮುಂದಾಳು, ನ್ಯೂಯಾರ್ಕ್ ಕಡೆಯ ಜೆರಿಕೋದ ನಿವೃತ್ತ ಎಂಜಿನಿಯರ್ ಸಿದ್ದಲಿಂಗಯ್ಯ. ಅವರ ಮೊದಲ ತಂಡ ಅಡುಗೆಯವರಿಲ್ಲದೆ ಹೋಗಿ ಹತ್ತು ದಿನ ಬಾಳೆಹಣ್ಣು, ಬಿಸ್ಕತ್ತಿನಲ್ಲಿ ಜೀವ ಹಿಡಿದು ಬಂದಿತ್ತಂತೆ. ಮರುವರ್ಷವೇ ಅವರು ಸುಧಾಮಣಿಯವರನ್ನು ಕರೆದುಕೊಂಡು ಹೋದರು.

ಹೋದ ವರ್ಷ ಎಡವಟ್ಟಾಯಿತು. ಮೂರಕ್ಕೆ ತಟ್ಟೆ ಜೋಡಿಸಿ ಕಾದರೆ ತಂಡ ಬಂದದ್ದು ಐದಕ್ಕೆ, ಅದೂ ಹೊಟ್ಟೆ ಸವರಿಕೊಳ್ಳುತ್ತಾ. ದರ್ಶನ ಮುಗಿದೊಡನೆ ಭಿಕ್ಷುಗಳು ಎಲ್ಲರನ್ನೂ ಊಟಕ್ಕೆ ಕೂರಿಸಿದ್ದರು. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲದ ಅಪ್ಪಟ ಸಸ್ಯಾಹಾರ. "ಪ್ರಸಾದ ಅಂದ ಮ್ಯಾಲ ಬ್ಯಾಡ ಅನ್ನಾಕ ಬರತೈತೇನ್ರಿ? ಭಾಳ ಚಲೋ ಇತ್ರಿ" ಎನ್ನುವ ಸಿದ್ದಲಿಂಗಯ್ಯನವರಿಗೆ ಇವತ್ತಿಗೂ ಸ್ವಲ್ಪ ನಾಚಿಕೆ. ಮಾಡಿಟ್ಟ ಅಡುಗೆಯನ್ನು ಗೆಸ್ಟ್‌ಹೌಸಿನ ಮನೆಮಂದಿ ಕೂತು ಉಂಡರು. ಸುಧಾಮಣಿ ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಅಳುವೇ ಬಂತು. ಆಮೇಲೆ ಹೊಳೀತು ನೋಡಿ. ಮೇಲೇ ಊಟ ಸಿಗುತ್ತೆ ಅಂದ್ಮೇಲೆ ನಾನ್ಯಾಕೆ ನಾಲ್ಕು ವರ್ಷ ಕೆಳಗೆ ಕೂತಿದ್ದೆ? ಅಳೋದು ಬಿಟ್ಟು ನಗೋಕೆ ಶುರು ಮಾಡ್ದೆ."

ಈ ಸಲ ಅವರದೊಂದೇ ಷರತ್ತು: ದರ್ಶನದ ದಿನ ಒಲೆ ಹಚ್ಚುವುದಿಲ್ಲ, ತಾನೂ ಮೇಲಕ್ಕೆ ಬರುವವಳೇ. ಸಿದ್ದಲಿಂಗಯ್ಯ ತಕ್ಷಣ ಒಪ್ಪಿದರು. ಕೊಸರಾಡಿದವರು ಪ್ರಿನ್ಸ್‌ಟನ್ನಿನ ಶೈಲಮ್ಮ ಒಬ್ಬರೇ. ಎಪ್ಪತ್ತಾರರ ಅವರಿಗೆ ಸಾರಿಲ್ಲದೆ ಸಂಜೆಯಾಗುವುದಿಲ್ಲ. "ಆಂಟಿ, ರಾತ್ರಿಗೆ ಮಾಡ್ಕೊಡ್ತೀನಿ. ಮಧ್ಯಾಹ್ನ ಮಾತ್ರ ನನ್ನ ಬಿಟ್ಬಿಡಿ" ಎಂದು ಇವರು ಫೋನಿನಲ್ಲೇ ಒಪ್ಪಿಸಿದ್ದಾರೆ. ಇನ್ನು ಒಪ್ಪಬೇಕಾದದ್ದು ಮಂಡಿ. ಕೇಬಲ್ ಕಾರಿಗೆ ಮುಂಚೆ ಮೆಟ್ಟಿಲುಗಳಿವೆ. ಅದಕ್ಕೇ ದಿನಾ ಸಂಜೆ ರೈಲು ನಿಲ್ದಾಣದ ಪಾರ್ಕಿಂಗ್ ಕಟ್ಟಡದ ಐದು ಮಹಡಿಯನ್ನು ಎರಡು ಸಲ ಹತ್ತಿಳಿಯುತ್ತಾರೆ. ಸುಬ್ಬು ನೀರಿನ ಬಾಟಲಿ ಹಿಡಿದು ಕೆಳಗೇ ನಿಲ್ಲುತ್ತಾರೆ, ಜಾಣರು.

ತುದಿಗೆ ಹೋಗಿ ಏನು ಬೇಡಿಕೊಳ್ಳುತ್ತೀರಿ ಎಂದು ಕೇಳಿದರೆ ಸುಧಾಮಣಿ ಸೌಟು ಕೆಳಗಿಡುತ್ತಾರೆ.

"ಬೇಡ್ಕೊಳ್ಳೋದೇನಿಲ್ಲ. ಕೈ ಮುಗೀತೀನಿ, ಅಷ್ಟೇ. ಆಮೇಲೆ ಎಲ್ರ ಜೊತೆ ಸಾಲಲ್ಲಿ ಊಟಕ್ಕೆ ಕೂತ್ಕೋಬೇಕು. ಇಷ್ಟು ವರ್ಷ ಬಡಿಸಿ ಬಡಿಸಿ, ಕೊನೇಲಿ ನಿಂತ್ಕೊಂಡೇ ಉಂಡಿದ್ದೀನಿ. ಅವತ್ತೊಂದಿನ ನಂಗೆ ಯಾರಾದ್ರೂ ಬಡಿಸ್ಬೇಕು. ಉಪ್ಪು ಕಮ್ಮಿ ಇದ್ರೂ ಏನೂ ಅನ್ನಲ್ಲ."