ಬಿಚ್ಚಿಕೊಳ್ಳುವಾಗ ಹರಿಯುವ ಎಳೆ

ಹೆಬ್ಬಾಳದ ಫ್ಲೈಓವರ್ ಮೇಲೆ ವಾಹನಗಳ ಸಾಲು ಇನ್ನೂ ಕಟ್ಟಿಲ್ಲ. ಅಲ್ಲೇ ಹತ್ತಿರದ ಸಂಶೋಧನಾಲಯವೊಂದರಲ್ಲಿ ವನಿತಾ ಬಿಸಿ ಅಗರ್ ದ್ರಾವಣವನ್ನು ಪುಟ್ಟ ಪ್ಲೇಟುಗಳಿಗೆ ಸುರಿಯುತ್ತಿದ್ದಾರೆ. ಗುಳ್ಳೆ ಏಳಬಾರದು, ಕೈ ನಡುಗಬಾರದು. ಅದು ಹೆಪ್ಪುಗಟ್ಟಿದಾಗ ಅದರ ಮೇಲೆ ಯೀಸ್ಟ್ ಬೆಳೆಯುತ್ತದೆ. ಡಿಎನ್‌ಎ ಹೇಗೆ ಮುರಿಯುತ್ತದೆಂದು ವಿಜ್ಞಾನಿಗಳು ನೋಡುವುದು ಆ ಯೀಸ್ಟಿನಲ್ಲಿ.

ಕೊಡಿಗೇಹಳ್ಳಿಯ ಹಳೇ ಮನೆತನದ ವನಿತಾ ಈ ಕೆಲಸ ಹಿಡಿದದ್ದು ತಮ್ಮ ಮುನೀಂದ್ರನಿಗಾಗಿ. ಬೆಳಗಿನ ಪಾಳಿಯಾದ್ದರಿಂದ ಮಧ್ಯಾಹ್ನದೊಳಗೆ ಮನೆ ಸೇರಿ ಅವನಿಗೆ ಊಟ ಮಾಡಿಸಬಹುದು. ಓಟದಲ್ಲಿ ಮುಂದಿದ್ದ ಆತ ಹೈಸ್ಕೂಲಿನಲ್ಲೇ ತೂರಾಡತೊಡಗಿದ. ಕುಡಿದಿದ್ದಾನೆಂದು ಜನ ಆಡಿಕೊಂಡರು. ಈಗ ಗಾಲಿಕುರ್ಚಿ. ತಾನು ಬಸುರಿಯಾಗಿದ್ದಾಗ ಜಾರಿಬಿದ್ದದ್ದೇ ಇದಕ್ಕೆ ಕಾರಣವೆಂದು ನಂಬಿದ ತಾಯಿ ಮುನಿಯಲ್ಲಮ್ಮ ಮಗನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದರು.

ಹೋದ ವರ್ಷ ಒಂದು ಬೆಳಗ್ಗೆ ವಿಜ್ಞಾನಿ ನಂದಿತಾ ಹೊಸ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಜೀನಿನ ನಕಲು ತೆಗೆಯಬೇಕಾದರೆ ಡಿಎನ್‌ಎಯ ಜೋಡಿ ಎಳೆ ಬಿಚ್ಚಿಕೊಳ್ಳಬೇಕು. ಕೆಲವೊಮ್ಮೆ ಹೊಸದಾಗಿ ಬಂದ ಆರ್‌ಎನ್‌ಎ ನಕಲು ಒಂದು ಎಳೆಗೆ ಅಂಟಿಕೊಂಡುಬಿಡುತ್ತದೆ. ಒಂಟಿಯಾಗಿ ಉಳಿದ ಇನ್ನೊಂದು ಎಳೆ ಹರಿಯುವ ಅಪಾಯವಿದೆ. ಆ ಅಂಟು ಬಿಡಿಸುವ ಪ್ರೋಟೀನೊಂದು ಕೆಟ್ಟುಹೋದರೆ ಹರೆಯದಲ್ಲೇ ನಡಿಗೆ ತಪ್ಪುವ ಕಾಯಿಲೆ ಬರುತ್ತದೆ.

ಪ್ಲೇಟು ಜೋಡಿಸುತ್ತಿದ್ದ ವನಿತಾ ಕೈ ನಿಲ್ಲಿಸಿ ಕೇಳಿದರು: “ಮೇಡಂ, ನನ್ ತಮ್ಮಂಗೂ ಇದೇ ಆಗಿರ್ಬೋದಾ?”

ನಂದಿತಾ ಅಕ್ಕ-ತಮ್ಮ ಇಬ್ಬರನ್ನೂ ನರರೋಗ ವೈದ್ಯರ ಬಳಿ ಕಳಿಸಿದರು. ಮುನೀಂದ್ರನ ರಕ್ತಪರೀಕ್ಷೆಯಲ್ಲಿ ಅದೇ ಕಾಯಿಲೆಯೆಂದು ಗೊತ್ತಾಯಿತು. ತಂದೆಯಿಂದೊಂದು, ತಾಯಿಯಿಂದೊಂದು ಕೆಟ್ಟ ಜೀನು ಬಂದಿತ್ತು. ಗುಣಪಡಿಸುವ ಔಷಧಿ ಇಲ್ಲವೆಂದೂ ವೈದ್ಯರು ತಿಳಿಸಿದರು.

ಅಂದು ಸಂಜೆ ವನಿತಾ ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. “ಅಂಗಾದ್ರೆ ನಾನ್ ಬಿದ್ದಿದ್ದಕ್ಕಲ್ವೇನೇ?” ಎಂದು ಮುನಿಯಲ್ಲಮ್ಮ ಮತ್ತೆ ಮತ್ತೆ ಕೇಳಿದರು. ಆಮೇಲೆ ಎದ್ದು ಹೋಗಿ ಮಗನ ಎದುರು ಕೂತು, ರಾತ್ರಿಗೆ ಏನು ಮಾಡಲಿ ಅಂದರು. ಮುನೀಂದ್ರ ತಾಯಿಯನ್ನೇ ದಿಟ್ಟಿಸಿ, ತೊದಲುತ್ತ, ಬಸ್ಸಾರು ಅಂದ.

ವನಿತಾಗೆ ಇವತ್ತಿಗೂ ಬೆರಗು. “ಈಗ ನಾವ್ ಮಾತಾಡ್ತಾ ಇದೀವಲ್ಲ, ಈಗ್ಲೂ ಒಳಗೆ ಎಲ್ಲೋ ಎಳೆ ಹರೀತಿರುತ್ತೆ, ದೇಹ ಹೊಲೀತಿರುತ್ತೆ ಕಣ್ರೀ. ನಮಗೆ ಗೊತ್ತೇ ಆಗಲ್ಲ.”

ಏನಾಸೆ ಎಂದು ಕೇಳಿದರೆ ಮುಂದಿನ ಪ್ಲೇಟಿಗೆ ಅಗರ್ ಸುರಿಯುತ್ತಲೇ ಹೇಳುತ್ತಾರೆ. “ಔಷಧಿ ಸಿಗೋ ಹೊತ್ಗೆ ನನ್ ತಮ್ಮ ಇರ್ತಾನೋ ಇಲ್ವೋ. ಮುಂದಿನೋರಿಗಾದ್ರೂ ಸಿಗ್ಲಿ. ತಪ್ಪೆಲ್ಲ ನಂದೇ ಅಂತ ಯಾವ ತಾಯೀನೂ ಕೊರಗ್ಬಾರ್ದು.”