ಪೂಜೆಗೆ ಕೂರಿಸಿದ ಸೈರನ್

ಅಂದು ಸೈರನ್ ಕೂಗಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಈ ಸಂಗತಿಯನ್ನು ಅವರಿವರಿಗೆ ಹೇಳುತ್ತ ಹೇಳುತ್ತ ನನ್ನ ಬಾಯಲ್ಲೇ ಅದು ಒಂದೆರಡು ಸಲ ಕೂಗಿಬಿಟ್ಟಿದೆ. ಒಮ್ಮೆ ತಡವಾಗಿ ಕೂಗಿತು ಎಂದೆ. ಇನ್ನೊಮ್ಮೆ ಮಳೆಯ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ ಎಂದೆ. ಕೇಳುವವರಿಗೆ ಹಾಗಿದ್ದರೆ ಹಿತ. ಯಂತ್ರ ತನ್ನ ಕೆಲಸ ಮಾಡಿತು, ಮಳೆ ದೊಡ್ಡದಾಯಿತು, ಯಾರ ತಪ್ಪೂ ಅಲ್ಲ. ಅಷ್ಟು ಹಿತ ಬೇಡ. ಅದು ಕೂಗಲಿಲ್ಲ. ಅದರ ಸ್ವಿಚ್ ಆರಿಸಿ, ಮೈ ಒರೆಸಿ, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ ಮೇಜಿನ ಮೇಲೆ ಕೂರಿಸಿದ್ದರು. ಅವತ್ತು ಆಯುಧಪೂಜೆ.

ನನ್ನ ತಮ್ಮನಿಗೆ ಪೀಣ್ಯದ ಒಂದು ಒಳಗಲ್ಲಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯಿದೆ. ಸುಟ್ಟುಹೋದ ಮೋಟಾರುಗಳನ್ನು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಮಗುವಾಗಿದ್ದಾಗ ಬಂದ ಪೋಲಿಯೋದಿಂದ ಅವನ ಎಡಗಾಲಿಗೆ ಬಲವಿಲ್ಲ. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟುಗಳಿರುವ ಕ್ಯಾಲಿಪರ್ ಕಟ್ಟಿಕೊಂಡರೆ ನಡೆಯುತ್ತಾನೆ. ಕಟ್ಟದಿದ್ದರೆ ಇಲ್ಲ. ಆ ಬೆಲ್ಟುಗಳನ್ನು ಒಂದೊಂದಾಗಿ ಬಿಗಿಯುವುದಕ್ಕೆ ಸಮಯ ಬೇಕು. ಕಟ್ಟಿಕೊಂಡು, ಹಲಗೆಯ ಇಳಿಜಾರು ಹತ್ತಿ, ಹೊರಗೆ ನಿಲ್ಲಿಸಿರುವ ಪಕ್ಕಚಕ್ರದ ಸ್ಕೂಟರ್ ಏರಿಬಿಟ್ಟರೆ ಆಮೇಲೆ ಅವನನ್ನು ಹಿಡಿಯುವುದು ಕಷ್ಟ.

ಹಲಗೆ ಹತ್ತಿ ಎಂದೆ. ಹಿಂದೆ ಅದು ಇಳಿಯುವ ಹಲಗೆಯಾಗಿತ್ತು. ಅವನು ಅಂಗಡಿ ಹಾಕಿದಾಗ ಒಳಗಿನ ನೆಲ ರಸ್ತೆಗಿಂತ ಎತ್ತರದಲ್ಲಿತ್ತು. ಹಳೆಯ ಡಾಂಬರು ಕೀಳದೆ ಅದರ ಮೇಲೆಯೇ ಹೊಸದನ್ನು ಸುರಿದು ಸುರಿದು ರಸ್ತೆ ಮೇಲೆದ್ದಿತು, ಅಂಗಡಿ ಗುಂಡಿಗೆ ಬಿದ್ದಿತು. ಕಟ್ಟಡ ಇದ್ದಲ್ಲೇ ಇತ್ತು. ಪ್ರತಿ ಸಲ ಡಾಂಬರು ಬಿದ್ದಾಗಲೂ ಗಲ್ಲಿಯವರು ಪೇಡೆ ಹಂಚಿದ್ದರು. ನಾನೂ ತಿಂದಿದ್ದೇನೆ.

ಗಲ್ಲಿಯ ಕೊನೆಯಲ್ಲಿ ರಾಜಕಾಲುವೆ. ಅಲ್ಲಿನವರೆಲ್ಲ ಮೋರಿ ಎನ್ನುತ್ತಾರೆ. ಅದರ ಮೇಲೊಂದು ಚಿಕ್ಕ ಸೇತುವೆ. ಸೇತುವೆ ದಾಟಿದರೆ ಒಂದು ದೊಡ್ಡ ಕಾರ್ಖಾನೆ. ಅದರ ಕಾಂಪೌಂಡ್ ಗೋಡೆ ಮೋರಿಯೊಳಕ್ಕೆ ನುಗ್ಗಿ ನಿಂತಿದೆ. ಅಗಲವಾಗಿ ಹರಿದುಬಂದ ನೀರು ಅಲ್ಲಿ ಕತ್ತು ಹಿಸುಕಿಸಿಕೊಂಡು, ಮುಂದೆ ಹೋಗಲಾರದೆ, ನಮ್ಮ ಗಲ್ಲಿಗೆ ತಿರುಗುತ್ತದೆ. ಗೋಡೆ ತೆಗೆಯಿರಿ ಎಂದು ಗಲ್ಲಿಯವರು ಕೇಳಿದರು. ಕಾರ್ಖಾನೆಯವರು ಗೋಡೆ ತೆಗೆಯಲಿಲ್ಲ. ಸಮಾಜಸೇವೆಯ ಲೆಕ್ಕದಲ್ಲಿ ಒಂದು ಹಳದಿ ಪೆಟ್ಟಿಗೆ ಕೊಟ್ಟರು. ಮೋರಿಯನ್ನು ಕಿರಿದು ಮಾಡಿದವರೇ, ಅದು ತುಂಬಿದಾಗ ಅರಚುವ ಯಂತ್ರವನ್ನು ಕೊಟ್ಟು, ಶಾಮಿಯಾನದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು.

ಟಿಫನ್ ಕ್ಯಾರಿಯರ್‌ನಷ್ಟು ದೊಡ್ಡ ಪೆಟ್ಟಿಗೆ, ಮೇಲೆ ಹಿಡಿಕೆ, ಒಳಗೆ ಬ್ಯಾಟರಿ. ಸೇತುವೆಯ ಕಂಬಿಗೆ ತೂಗುಹಾಕಿ ತಂತಿಯನ್ನು ಮೋರಿಗೆ ಇಳಿಬಿಡಬೇಕು. ತಂತಿಯ ತುದಿಗೆ ನೀರು ಮುಟ್ಟಿದರೆ ಸೈರನ್.

“ಎಲ್ ಬೇಕಾದ್ರೂ ಎತ್ಕೊಂಡ್ ಹೋಗ್ಬೋದು, ಫುಲ್ ಪೋರ್ಟಬಲ್” ಎಂದು ಕಾರ್ಖಾನೆಯ ಅಧಿಕಾರಿ ಅದನ್ನು ಎತ್ತಿ ತೋರಿಸಿದ.

“ಹಂಗೇ ಗೋಡೆನೂ ಪೋರ್ಟಬಲ್ ಮಾಡ್ಸಿ ಸಾರ್” ಎಂದ ನನ್ನ ತಮ್ಮ. ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕ. ನಗು ಬಂದರೆ ಆ ಮಾತು ಅಲ್ಲಿಗೆ ಮುಗಿದಂತೆ.

ಪೆಟ್ಟಿಗೆ ಕೆಲಸಕ್ಕೆ ಬಾರದ್ದೇನೂ ಅಲ್ಲ. ಹಾಗಿದ್ದಿದ್ದರೆ ನನ್ನ ಸಿಟ್ಟು ಸುಲಭವಾಗುತ್ತಿತ್ತು. ಮುಂಗಾರಿನಲ್ಲಿ ಒಂದು ಮಧ್ಯಾಹ್ನ ಅದು ಕೂಗಿದಾಗ ತಮ್ಮ ಬೆಲ್ಟು ಬಿಗಿದು, ಸ್ಕೂಟರ್ ಏರಿ, ಮುಖ್ಯರಸ್ತೆಯ ಟೀ ಅಂಗಡಿ ತಲುಪಿದ ಮೇಲೆ ನೀರು ಅವನ ಅಂಗಡಿಗೆ ನುಗ್ಗಿತು. ಒಳಗಿದ್ದ ಮೋಟಾರುಗಳು ಹಾಳಾದವು. ಅವನು ಟೀ ಕುಡಿಯುತ್ತ ನನಗೆ ಫೋನ್ ಮಾಡಿದ.

“ಕಾಲ್ ಕಟ್ಕೊಳ್ಳೋಷ್ಟು ಟೈಮ್ ಕೊಡ್ತು ಕಣಕ್ಕ. ಅಷ್ಟ್ ಸಾಕು ನಂಗೆ.”

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಮೇಲಿನ ಮಹಡಿಗೆ ಹೋಗು ಎಂದವರುಂಟು. ಮೆಟ್ಟಿಲು ಅವನಿಗೂ ಆಗದು, ಇಬ್ಬರು ಹೊತ್ತು ತರುವ ಮೋಟಾರುಗಳಿಗೂ ಆಗದು. ನೆಲದ ಅಂಗಡಿಯೇ ಬೇಕು. ನೆಲದ ಅಂಗಡಿಯಲ್ಲಿ ಅವನು ಜೀವ ಉಳಿಸಿಕೊಳ್ಳಬೇಕಾದರೆ ಯಾರಾದರೂ ಮೊದಲೇ ಕೂಗಬೇಕು.

ಆಯುಧಪೂಜೆಯ ದಿನ ಸಿಂಗಸಂದ್ರದ ಮನೆಯಿಂದ ನಾನು ಹೋಳಿಗೆ, ಚಿತ್ರಾನ್ನ ಕಟ್ಟಿಕೊಂಡು ಹೊರಟೆ. ಊರಿನ ಆ ತುದಿಯಿಂದ ಈ ತುದಿಗೆ. ನಾನು ತಲುಪುವಷ್ಟರಲ್ಲಿ ಗಲ್ಲಿಯಲ್ಲಿ ಪೂಜೆ ಮುಗಿದಿತ್ತು. ಬಾಗಿಲು ಬಾಗಿಲಿಗೂ ಕುಂಕುಮ ತುಂಬಿ ಒಡೆದ ಬೂದುಗುಂಬಳಕಾಯಿ. ಲೇತು, ಡ್ರಿಲ್ಲು, ಪ್ರೆಸ್ಸು ಎಲ್ಲಕ್ಕೂ ಹೂವು. ಪೂಜೆಯಾದ ಯಂತ್ರವನ್ನು ಅವತ್ತು ಮತ್ತೆ ಓಡಿಸುವುದಿಲ್ಲ. ಅದಕ್ಕೂ ಒಂದು ದಿನ ವಿಶ್ರಾಂತಿ. ಇದು ನನಗೂ ಇಷ್ಟದ ಪದ್ಧತಿಯೇ. ವರ್ಷವಿಡೀ ತಿರುಗುವ ಚಕ್ರದ ಮುಂದೆ ಒಂದು ದಿನ ಕೈಮುಗಿದು ನಿಲ್ಲುವುದರಲ್ಲಿ ತಪ್ಪೇನಿದೆ?

ಗಲ್ಲಿಯ ಬಾಯಲ್ಲಿ ಅಂಗಡಿಯವರ ಸಂಘದವರು ಮೇಜು ಹಾಕಿ ಎಲ್ಲರಿಗೂ ಸೇರಿದ ಸಾಮಾನುಗಳನ್ನು ಜೋಡಿಸಿದ್ದರು. ಏಣಿ, ನೀರೆತ್ತುವ ಪಂಪು, ಮೈಕ್ ಸೆಟ್ಟು. ನಡುವೆ ಹಳದಿ ಪೆಟ್ಟಿಗೆ. ಹೊಸದು, ಬಣ್ಣದ್ದು ಎಂದು ಅದಕ್ಕೆ ಎಲ್ಲಕ್ಕಿಂತ ದೊಡ್ಡ ಹಾರ. ಅದನ್ನು ನೋಡಿದಾಗ ನನಗೆ ದಿಗಿಲಾಯಿತು ಎಂದು ಬರೆಯಬಹುದು. ಆಗಿತ್ತೇ? ಸಂಘದ ಕಾರ್ಯದರ್ಶಿ ನನ್ನ ಬೊಗಸೆಗೆ ಕಡಲೆಪುರಿ ಸುರಿದದ್ದು ಮಾತ್ರ ಖಂಡಿತ ನೆನಪಿದೆ. ಪುರಿಯಲ್ಲಿ ಬೂಂದಿಕಾಳು ಬೆರೆಸಿದ್ದರು.

ಅಂಗಡಿಯೊಳಗೆ ಮಂಚದ ಮೇಲೆ ನನ್ನ ತಮ್ಮ ಕಾಲು ಚಾಚಿ ಕೂತಿದ್ದ. ಕ್ಯಾಲಿಪರ್ ಕೆಲಸದ ಮೇಜಿನ ಮೇಲೆ, ಇಕ್ಕಳ, ಸುತ್ತಿಗೆಗಳ ಪಕ್ಕದಲ್ಲಿತ್ತು. ಅದಕ್ಕೂ ಕುಂಕುಮ, ಅದಕ್ಕೂ ಹೂವು. ಪ್ರತಿ ವರ್ಷವೂ ಹಾಗೆಯೇ.

“ನಿನ್ ಕಾಲ್‌ಗೂ ರಜಾನೇನೋ?”

“ಹೂಂ ಮತ್ತೆ. ವರ್ಷ ಪೂರ್ತಿ ನನ್ನ ಹೊರತ್ತೆ. ಬೋನಸ್ಸಂತೂ ಕೊಡಲ್ಲ, ಒಂದು ಹೂವಾದ್ರೂ ಬೇಡ್ವಾ?”

ಊಟ ಮಾಡಿದೆವು. ಬೇರೆ ಅಂಗಡಿಗಳವರು ಶಟರ್ ಎಳೆದು ಮನೆಗೆ ಹೋದರು. ಮಳೆ ಶುರುವಾಯಿತು. ಇರಚಲು ಹೊಡೆಯುತ್ತದೆಂದು ನಾನು ನಮ್ಮ ಶಟರನ್ನೂ ಅರ್ಧಕ್ಕೆ ಎಳೆದೆ. ನಿಂತ ಮೇಲೆ ಹೊರಡೋಣ ಎಂದುಕೊಂಡೆವು. ತಮ್ಮನಿಗೆ ಆತುರವಿರಲಿಲ್ಲ. ಮೋರಿ ತುಂಬಿದರೆ ಹಳದಿ ಡಬ್ಬ ಕೂಗುತ್ತದೆ ಎಂದು ಅವನು ನಂಬಿದ್ದ. ಅದನ್ನು ಮೇಜಿಗೆ ತಂದಿದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೂವು ಹಾಕಿದವರು, ಮಂಗಳಾರತಿ ಎತ್ತಿದವರು, ಪುರಿ ಹಂಚಿದವರು, ಒಬ್ಬರೂ ಹೇಳಿರಲಿಲ್ಲ.

ನೀರು ಬಾಗಿಲಿನಿಂದ ಬಂತು ಎನ್ನುತ್ತೇನೆ ನಾನು. ಮೊದಲು ಬಚ್ಚಲ ತೂಬಿನಿಂದ ಉಕ್ಕಿತು ಎನ್ನುತ್ತಾನೆ ಅವನು. ಇಬ್ಬರದೂ ನಿಜವಿರಬಹುದು. ನಾನು ಕಂಡದ್ದು ಶಟರಿನ ಕೆಳಗಿಂದ ತೇಲಿಬಂದ ಕಡಲೆಪುರಿ. ಬೆಳ್ಳಗೆ, ಹಗುರಾಗಿ, ಒಂದು ಚಾಪೆ ಬಿಚ್ಚಿಕೊಂಡಂತೆ ಒಳಗೆ ಬಂತು. ಹಿಂದೆಯೇ ಕುಂಬಳಕಾಯಿಯ ಹೋಳುಗಳು, ಕುಂಕುಮ ಬೆರೆತ ಕೆಂಪು ನೀರು. ನಾನು ಪೊರಕೆ ತೆಗೆದುಕೊಂಡೆ. ನಿಜವಾಗಿಯೂ ಪೊರಕೆ ತೆಗೆದುಕೊಂಡೆ. ಅಷ್ಟರಲ್ಲಿ ರಸ್ತೆಯ ಅಂಚಿನಿಂದ ನೀರು ಗೋಡೆ ಕುಸಿದಂತೆ ಸುರಿಯಿತು.

“ಮೇನ್ ಆರ್ಸು! ಅಕ್ಕ, ಮೊದ್ಲು ಮೇನ್!”

ಆರಿಸಿದೆ. ಕತ್ತಲಾಯಿತು. ಶಟರಿನ ಕೆಳಗಿನ ಬೆಳಕು ಮಾತ್ರ. ಕ್ಯಾಲಿಪರ್ ತಂದುಕೊಡುವಷ್ಟರಲ್ಲಿ ಮಂಚದ ಮಟ್ಟಕ್ಕೆ ನೀರು. ಒದ್ದೆಯಾದ ಚರ್ಮ ಕೊಂಡಿಯಲ್ಲಿ ನಿಲ್ಲದೆ ಜಾರುತ್ತಿತ್ತು. ಹಾರದ ನೂಲು ಮೊಣಕಾಲಿನ ಕೀಲಿಗೆ ಸುತ್ತಿಕೊಂಡಿತ್ತು. ನಾನು ಹಲ್ಲಿನಿಂದ ಕಡಿದೆ.

“ತೊಡೇದು ಬಿಗಿ. ಅದಲ್ಲ, ಮೇಲಿಂದು. ಮಂಡಿ ಲಾಕ್ ಹಾಕು, ಲಾಕ್.”

“ಬೀಳ್ತಿಲ್ವೋ!”

“ಗುದ್ದು. ಕಾಲ್ ನಂದು, ನೋವಾದ್ರೆ ಆಗ್ಲಿ.”

ಗುದ್ದಿದೆ. ಬಿತ್ತು. ಅವನನ್ನು ಎಬ್ಬಿಸಿ, ಶಟರ್ ಎತ್ತಿ ಹೊರಟರೆ ಹಲಗೆ ಎಲ್ಲೋ ತೇಲಿಹೋಗಿತ್ತು. ಅವನು ರಸ್ತೆಯ ಅಂಚಿಗೆ ಬೆನ್ನು ಕೊಟ್ಟು, ಎರಡೂ ಕೈಯೂರಿ ತನ್ನನ್ನು ತಾನೇ ಮೇಲೆತ್ತಿಕೊಂಡ. ವರ್ಷಗಟ್ಟಲೆ ತಾಮ್ರದ ತಂತಿ ಎಳೆದ ತೋಳುಗಳು. ಸ್ಕೂಟರ್ ಮಗುಚಿಬಿದ್ದಿತ್ತು. ಎದುರಿಗೆ ಬಾಳೆಕಂದು ಕಟ್ಟಿದ ಒಂದು ಟೆಂಪೊ ನಿಂತಿತ್ತು. ಸೆಳೆತದಲ್ಲಿ ಅಲ್ಲಿಯವರೆಗೆ ಹೇಗೆ ಹೋದೆವೆಂದು ಕೇಳಬೇಡಿ. ನಾನು ಅವನನ್ನು ಹಿಡಿದುಕೊಂಡಿದ್ದೆ ಎಂದು ನಾನು ಹೇಳುತ್ತೇನೆ. ಅವನು ನನ್ನನ್ನು ಹಿಡಿದುಕೊಂಡಿದ್ದನಂತೆ. ಟೆಂಪೊದ ಹಿಂಭಾಗಕ್ಕೆ ಹತ್ತಿ, ನೀರು ಇಳಿಯುವವರೆಗೆ ಬಾಳೆ ಎಲೆಗಳ ಕೆಳಗೆ ಕೂತೆವು. ಅವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ.

“ಡಬ್ಬ ಯಾಕ್ ಕೂಗ್ಲಿಲ್ಲ? ಕೆಟ್ಟೋಯ್ತಾ? ಡಬ್ಬ ಯಾಕ್ ಕೂಗ್ಲಿಲ್ಲ?”

ಅದನ್ನು ಸಂಘದ ಮೇಜಿನ ಮೇಲೆ ನೋಡಿದ್ದೆನೆಂದು ಆಗ ಹೇಳಿದೆ.

ಮರುದಿನ ಬೆಳಿಗ್ಗೆ ಕೆಸರು ಬಳಿಯುತ್ತಿದ್ದಾಗ ಕಾರ್ಯದರ್ಶಿ ಬಂದ. ಕೈಯಲ್ಲಿ ಹಳದಿ ಪೆಟ್ಟಿಗೆ. ಅದರ ಮೇಲೆ ಪ್ಲಾಸ್ಟಿಕ್ ಕವರು. ಒಳಗೆ ಹಾರ ಇನ್ನೂ ಬಾಡಿರಲಿಲ್ಲ.

“ಇದಕ್ಕೇನೂ ಆಗಿಲ್ಲ ಮೇಡಂ” ಎಂದ, ನಾವು ಕೇಳಿದೆವೇನೋ ಎಂಬಂತೆ. “ಮಳೆ ಶುರುವಾದ ತಕ್ಷಣ ಕವರ್ ಮುಚ್ಚಿ ಆಫೀಸ್ ಒಳಗಿಟ್ಬಿಟ್ಟೆ. ಒಂದ್ ಹನಿ ಬೀಳಕ್ ಬಿಟ್ಟಿಲ್ಲ.”

ನೀರು ಬಂದರೆ ಕೂಗಬೇಕಾದ ಯಂತ್ರವನ್ನು ನೀರು ಬೀಳದ ಹಾಗೆ ಕಾಪಾಡಿದ್ದ. ಅವನ ಮುಖದಲ್ಲಿ ಹೆಮ್ಮೆಯಿತ್ತು. ಕೆಟ್ಟ ಮನುಷ್ಯನೇನಲ್ಲ. ಗಲ್ಲಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವವನು. ಅದರಿಂದ ನನ್ನ ಸಿಟ್ಟು ಎಳ್ಳಷ್ಟೂ ಕಡಿಮೆಯಾಗಲಿಲ್ಲ, ಈಗಲೂ ಆಗಿಲ್ಲ.

“ನನ್ನ ತಮ್ಮ ಮುಳುಗ್ತಿದ್ದ ಕಣ್ರೀ! ನೀವು ಅಲ್ಲಿ ಡಬ್ಬಕ್ಕೆ ಕೊಡೆ ಹಿಡೀತಿದ್ರಿ!”

“ಹಬ್ಬದ್ ದಿನ ಮಿಷನ್ ಆನ್ ಮಾಡಕ್ಕಾಗತ್ತಾ ಮೇಡಂ? ಪೂಜೆ ಮಾಡಿದ್ದಕ್ಕೇ ದೇವ್ರು ನಿಮ್ ತಮ್ಮನ್ನ ಉಳ್ಸಿದ್ದು ಅನ್ಕೊಳ್ಳಿ.”

“ದೇವ್ರ ಹೆಸ್ರು ತರ್ಬೇಡಿ. ಸೇತುವೆಯಿಂದ ಡಬ್ಬ ಎತ್ತಿದ್ದು ನೀವು.”

“ಅಲ್ಲಾ ಮೇಡಂ, ನಿಮ್ ತಮ್ಮನೂ ಕಾಲು ಬಿಚ್ಚಿ ಪೂಜೆಗಿಟ್ಟಿದ್ರಲ್ವಾ? ಅದುಕ್ಕೆ ಯಾರನ್ನ ಬೈತೀರಾ?”

ಕೈಯಲ್ಲಿದ್ದ ಸಲಿಕೆ ಎತ್ತಿದೆನೆಂದು ತಮ್ಮ ಆಮೇಲೆ ಊರಿಗೆಲ್ಲ ಹೇಳಿದ್ದಾನೆ. ಅಷ್ಟು ಎತ್ತಿರಲಿಕ್ಕಿಲ್ಲ. ಅವನು ಮಂಚದ ಮೇಲಿಂದಲೇ, ದನಿ ಏರಿಸದೆ ಮಾತಾಡಿದ.

“ಕಾಲು ನಂದು ಸಾರ್. ನಾನೇ ಬಿಚ್ಚಿದ್ದು, ನಾನೇ ಮುಳುಗ್ತಿದ್ದೆ. ಡಬ್ಬ ಎಲ್ರುದು. ಅದನ್ನ ಬಿಚ್ಚೋವಾಗ ಎಲ್ರನ್ನೂ ಕೇಳ್ಬೇಕಿತ್ತು.”

ಕಾರ್ಯದರ್ಶಿ ಕವರು ತೆಗೆದು ಮಡಿಸತೊಡಗಿದ. ತುಂಬ ಹೊತ್ತು ಮಡಿಸಿದ.

“ಪಕ್ಕದ್ ವೆಲ್ಡರ್‌ನ ಕರೀರಿ” ಎಂದ ತಮ್ಮ.

ವೆಲ್ಡರ್ ಬಂದ. ತಮ್ಮ ಸೀಮೆಸುಣ್ಣದಲ್ಲಿ ನೆಲದ ಮೇಲೆಯೇ ಗೀಚಿ ತೋರಿಸಿದ. ಪೆಟ್ಟಿಗೆಯ ಸುತ್ತ ಕಬ್ಬಿಣದ ಸರಳಿನ ಗೂಡು, ಗೂಡು ಸೇತುವೆಯ ಕಂಬಿಗೆ ಕೂರಬೇಕು. ಚಾರ್ಜ್ ಮಾಡುವ ತೂತು ತೆರೆದಿರಬೇಕು, ಸ್ವಿಚ್ಚಿನ ಮೇಲೆ ಮಾತ್ರ ತಗಡು. ಸೈರನ್ನಿನ ಮುಂದೆ ಏನೂ ಅಡ್ಡ ಇರಬಾರದು.

“ಅಲ್ಲಾ ಗುರು, ಪೋರ್ಟಬಲ್ ಅಂತ ಕೊಟ್ಟಿದ್ದು ಅವ್ರು” ಎಂದ ಕಾರ್ಯದರ್ಶಿ. “ವೆಲ್ಡ್ ಮಾಡಿದ್ರೆ ಮುಂದಿನ್ ವರ್ಷ ಪೂಜೆಗೆ ಹೆಂಗ್ ತರೋದು?”

“ಪೂಜೆನ ತನ್ನಿ ಸಾರ್ ಮೋರಿ ಹತ್ರ. ಅದೇ ಪೋರ್ಟಬಲ್ಲು.”

“ಓಡ್ತಿರೋ ಮಿಷನ್‌ಗೆ ಪೂಜೆ ಮಾಡಲ್ಲ ಕಣಯ್ಯ.”

“ಹಂಗಾದ್ರೆ ಮಾಡ್ಬೇಡಿ.”

ಕ್ಯಾಲಿಪರಿನ ಚರ್ಮ ಉಬ್ಬಿ ಬಿರುಸಾಗಿತ್ತು. ಕಟ್ಟಿಕೊಳ್ಳಲು ಬರುವಂತಿರಲಿಲ್ಲ. ನಾನೂ ವೆಲ್ಡರೂ ತಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಸೇತುವೆಯವರೆಗೆ ಹೊತ್ತೆವು. ಅರ್ಧ ದಾರಿಯಲ್ಲಿ ಕಾರ್ಯದರ್ಶಿ ಬಂದು ಕುರ್ಚಿಯ ಒಂದು ಕಾಲು ಹಿಡಿದ. ನಾನು ಅವನ ಮುಖ ನೋಡಲಿಲ್ಲ. ಮೋರಿಯ ನೀರು ಇಳಿದು, ಕಾರ್ಖಾನೆಯ ಗೋಡೆಯ ಬುಡದಲ್ಲಿ ಗಲ್ಲಿಯ ಸೇವಂತಿಗೆಯೆಲ್ಲ ಸಿಕ್ಕಿಕೊಂಡು ಕೊಳೆಯತೊಡಗಿತ್ತು. ಗೋಡೆಯ ಬಣ್ಣಕ್ಕೂ ಏನೂ ಆಗಿರಲಿಲ್ಲ.

ಪೆಟ್ಟಿಗೆಗೆ ಕಾವು ತಾಗದಂತೆ ಒದ್ದೆ ಗೋಣಿ ಹೊದಿಸಿ ವೆಲ್ಡರ್ ಬೆಸುಗೆ ಹಾಕಿದ. ಮುಗಿದ ಮೇಲೆ ಗೂಡಿನ ಮೇಲೆ ನೀರು ಹೊಯ್ದ. ಹಬೆಯೆದ್ದಿತು. ತಮ್ಮ ಸರಳಿನ ನಡುವೆ ಕಡ್ಡಿ ತೂರಿಸಿ ಸ್ವಿಚ್ ಹಾಕಿದ, ಆಮೇಲೆ ತಗಡನ್ನೂ ಮುಚ್ಚಿಸಿದ. ತಂತಿಯ ತುದಿಯನ್ನು ಬಕೆಟ್ ನೀರಿಗೆ ಅದ್ದಿದಾಗ ಅದು ಅರಚಿದ ರಭಸಕ್ಕೆ ಕಾರ್ಯದರ್ಶಿ ಕಿವಿ ಮುಚ್ಚಿಕೊಂಡ.

“ಅಕ್ಕ, ಗೂಡು ಕಿತ್ ಬರತ್ತಾ, ಎಳಿ ನೋಡೋಣ” ಎಂದ ತಮ್ಮ.

ಎರಡೂ ಕೈಯಲ್ಲಿ ಹಿಡಿದು ಎಳೆದೆ. ಗೂಡು ಅಲುಗಲಿಲ್ಲ.

“ಇಷ್ಟೇನಾ? ಆಗ್ಲಿಂದ ಅವ್ರ ಮೇಲೆ ಕೂಗಾಡ್ತಿದ್ಯಲ್ಲ, ಆ ಥರ ಎಳಿ.”

ಕಂಬಿಗೆ ಕಾಲು ಕೊಟ್ಟು ಎಳೆದೆ. ಸರಳು ಇನ್ನೂ ಬಿಸಿಯಿತ್ತು. ಅಂಗೈ ಸುಡುತ್ತಿದ್ದರೂ ಬಿಡದೆ ಎಳೆದೆ.