ಹುಣಸೂರಿನ ಎಲೆ, ಅತ್ತೆಯ ಜಾಡಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕೊಚ್ಚಿಯ ಪಾಲಾರಿವಟ್ಟಂನ ಒಂದು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಖ್ಯಾತಿ ಮೂಗಿನದು. ಅಲ್ಲಿನ ಕನ್ನಡಿಗರು ಯುಗಾದಿಗೆ ಇಟ್ಟ ಸಾರಿನ ಸ್ಪರ್ಧೆಯಲ್ಲಿ, ಒಂದು ಪಾತ್ರೆಯನ್ನು ಬರೀ ಮೂಸಿ, ‘ಇದು ಅಂಗಡಿ ಪುಡಿ’ ಎಂದು ತೀರ್ಪು ಕೊಟ್ಟಿದ್ದೆ. ಪುಡಿ ಅಂಗಡಿಯದೇ. ಪಾತ್ರೆ ನನ್ನ ಮೇಲಧಿಕಾರಿಯ ಮನೆಯದು. ಆ ವರ್ಷ ನನಗೆ ರಜೆ ಸಿಗಲಿಲ್ಲ. ಕೀರ್ತಿ ಮಾತ್ರ ತಿರುವನಂತಪುರದವರೆಗೆ ಹೋಯಿತು.

ಅಲ್ಲಿ ಉಳ್ಳೂರಿನಲ್ಲಿ ನನ್ನ ಕಾಲೇಜು ಗೆಳೆಯನಿದ್ದ. ಅವನದು ರಾಕೆಟ್ ಇಂಧನದ ಕೆಲಸ. ಅಂದರೆ, ಯಾವುದು ಹೇಗೆ ಉರಿಯುತ್ತದೆ ಎಂದು ತಿಳಿದಿರುವುದಕ್ಕೇ ಸರ್ಕಾರ ಅವನಿಗೆ ಸಂಬಳ ಕೊಡುತ್ತಿತ್ತು. ಆದರೂ ಅವನ ಬಾಯಲ್ಲಿದ್ದ ಪೈಪು ಎರಡು ನಿಮಿಷಕ್ಕೊಮ್ಮೆ ಆರುತ್ತಿತ್ತು. ನಾನೂ ಆಗ ಪೈಪು ಹಿಡಿಯುತ್ತಿದ್ದೆನಾದ್ದರಿಂದ ಈ ದುಃಖ ನನಗೆ ಗೊತ್ತು. ಅವನ ಹೆಂಡತಿ ಪೈಪನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಬಾವಿಕಟ್ಟೆಯ ಮೇಲೆ ಕೂತು ಸೇದುತ್ತಿದ್ದ. ಮಳೆಗಾಲದಲ್ಲೂ ಅಲ್ಲೇ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪೈಪು, ಬೆಂಕಿಪೊಟ್ಟಣ ಕಂಕುಳಲ್ಲಿ. ಕಡ್ಡಿ ಗೀರುವುದಕ್ಕೆ ಮೂರನೆಯ ಕೈಯನ್ನು ದೇವರು ಕೊಟ್ಟಿರಲಿಲ್ಲ.

ಎರಡು ಮಳೆಗಾಲ ಹೀಗೆ ನೆನೆದ ಮೇಲೆ ಅವನು ತಾನೇ ಒಂದು ಮಿಶ್ರಣ ತಯಾರಿಸಿದ. ಕೊಂಡ ತಂಬಾಕು ನಾರುತ್ತದೆ, ನನ್ನದು ಘಮಘಮಿಸುತ್ತದೆ ಎಂಬುದು ಅವನ ವಾದ. ಆಕೆ ಒಂದು ಷರತ್ತು ಹಾಕಿದಳು.

“ನಿಮ್ಮ ಮೂಗನ್ನ ನಾನು ನಂಬಲ್ಲ. ಆ ಪಾಲಾರಿವಟ್ಟಂ ಅಣ್ಣ ಬಂದು ನಾತ ಇಲ್ಲ ಅಂದ್ರೆ ಮಳೇಲಿ ಹಾಲ್‌ನಲ್ಲೇ ಕೂತು ಸೇದಿ. ನಾತ ಅಂದ್ರೆ ಪೈಪು ಬಾವಿಗೆ.”

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ರೈಲು ಹತ್ತಿದೆ. ಭಾನುವಾರ ಬೆಳಿಗ್ಗೆ ಪರೀಕ್ಷೆ. ನಾಲಿಗೆ ಕೆಡುತ್ತದೆಂದು ನನಗೆ ಕಾಫಿ ನಿಷೇಧವಾಗಿತ್ತು. ಸ್ನಾನ ಮಾಡಿಸಿ, ಉಪ್ಪಿಲ್ಲದ ಗಂಜಿ ಕುಡಿಸಿ, ಮದುಮಗನ ಹಾಗೆ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಆಕೆ ಅಡುಗೆಮನೆಯ ಬಾಗಿಲಲ್ಲಿ ಹುರುಳಿಕಾಯಿ ಮುರಿಯುತ್ತಾ ಸಾಕ್ಷಿಯಾಗಿ ಕುಳಿತಳು.

ಗೆಳೆಯ ಮೊದಲು ವಂಶಾವಳಿ ಹೇಳಿದ. ಹುಣಸೂರಿನ ಹೊಂಬಣ್ಣದ ಎಲೆ, ಚಾಲೈ ಪೇಟೆಯ ಕರಿ ಎಲೆ, ಬೆಲ್ಲದ ಪಾಕ, ಒಂದು ಚಮಚ ರಮ್ಮು. ಒರಳುಕಲ್ಲಿನ ಅಡಿಯಲ್ಲಿ ನಾಲ್ಕು ದಿನ ಒತ್ತಿಟ್ಟು, ಗಾಳಿಯಾಡದ ಪಾತ್ರೆಯಲ್ಲಿ ಮೂರು ತಿಂಗಳು ಮಾಗಿಸಿದ್ದು. ಆ ಊರಿನ ತೇವಕ್ಕೆ ತಗಡಿನ ಡಬ್ಬಿ ತುಕ್ಕು ಹಿಡಿಯುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ಹಾಗಾಗಿ ಪಾತ್ರೆ ಯಾವುದಯ್ಯ ಎಂದೆ. ಅದು ಟ್ರೇಡ್ ಸೀಕ್ರೆಟ್ ಎಂದು ಪಿಸುಗುಟ್ಟಿದ.

ಪೈಪು ತುಂಬಿ ಹಚ್ಚಿದೆ. ಮೊದಲ ಕಡ್ಡಿಯ ಹೊಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಬೂದಿಯನ್ನು ಮೆಲ್ಲಗೆ ಒತ್ತಿ ಎರಡನೆಯ ಕಡ್ಡಿ ಗೀರಿದೆ. ಒಣಹುಲ್ಲಿನ ಪರಿಮಳ ಬಂತು, ಹುಣಸೂರು. ಹಿಂದೆಯೇ ಬೆಲ್ಲ. ನಾತವಿಲ್ಲ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಗೆಳೆಯ ಗೆದ್ದಿದ್ದ. ಆದರೆ ಮೂರನೆಯ ಎಳೆತದಲ್ಲಿ ಇನ್ನೇನೋ ಸುಳಿಯಿತು, ಬಹಳ ಹಳೆಯ ಪರಿಚಯದ್ದು. ಅದನ್ನು ಹಿಡಿಯದೆ ಬಿಟ್ಟರೆ ಮೂಗಿಗೆ ಅವಮಾನ. ಕಣ್ಣು ಮುಚ್ಚಿದೆ.

“ಸಾಸಿವೆ,” ಎಂದೆ. “ಆಮೇಲೆ ಇಂಗು.”

ಗೆಳೆಯ ನನ್ನ ಕಾಲು ತುಳಿದ. ಉತ್ಸಾಹ ತಡೆಯಲಾರದೆ ತುಳಿದನೆಂದು ಭಾವಿಸಿ ಇನ್ನಷ್ಟು ವಿವರಕ್ಕೆ ಇಳಿದೆ.

“ಮಾವಿನ ಮಿಡಿ ಕಣೋ. ಅದೂ ಹಳೇ ಪಿಂಗಾಣಿ ಜಾಡೀದು.”

ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. ಆಕೆ ಸ್ಟೂಲು ಹತ್ತಿ ಅಟ್ಟದಿಂದ ಬಟ್ಟೆ ಕಟ್ಟಿದ ಜಾಡಿಯೊಂದನ್ನು ಇಳಿಸಿದಳು. ಅದು ಆಕೆಯ ತಾಯಿ ಮದುವೆಯಲ್ಲಿ ಕೊಟ್ಟದ್ದು. ಪ್ರತಿವರ್ಷದ ಮಿಡಿ ಉಪ್ಪಿನಕಾಯಿ ಅದರಲ್ಲೇ ಆಗಬೇಕು, ಒದ್ದೆ ಕೈ ಸೋಕಬಾರದು, ಖಾಲಿಯಾದರೆ ತೊಳೆದು ಒಣಗಿಸಿ ಮಡಿಬಟ್ಟೆ ಕಟ್ಟಿ ಅಟ್ಟಕ್ಕೆ. ಈಗ ತಳದಲ್ಲಿ ನಾಲ್ಕು ಹಿಡಿ ತಂಬಾಕಿತ್ತು.

“ಅಮ್ಮನ ಜಾಡೀಲಿ ಹೊಗೆಸೊಪ್ಪು,” ಎಂದಳು. ದನಿ ಏರಿಸಲೂ ಇಲ್ಲ.

ಪಿಂಗಾಣಿ ಯಾವ ವಾಸನೆಯನ್ನೂ ಹೀರುವುದಿಲ್ಲ ಎಂದು ಗೆಳೆಯ ವಿಜ್ಞಾನ ಹೇಳಿದ.

“ಹೀರಲ್ವಾ? ಮತ್ತೆ ಇಂಗು ಇವರ ಮೂಗಿಗೆ ಎಲ್ಲಿಂದ ಬಂತು ರೀ?”

ರಾಕೆಟ್ಟಿನವರು ಬೆಂಕಿಪೊಟ್ಟಣ ಹುಡುಕತೊಡಗಿದರು. ಆಕೆ ನನ್ನ ಕಡೆ ತಿರುಗಿ, ನಾತ ಇದೆಯೋ ಇಲ್ಲವೋ, ಅಷ್ಟು ಹೇಳಿ ಎಂದಳು. ಇಲ್ಲ ಎಂದೆ, ಅದು ಸತ್ಯ. ಆಕೆ ಮಾತಿಗೆ ತಪ್ಪುವವಳಲ್ಲ.

“ಸರಿ, ಹಾಲ್‌ನಲ್ಲಿ ಸೇದ್ಲಿ. ಈ ಸಲದ ಮಿಡೀನೂ ಇದೇ ಜಾಡೀಲಿ ಹಾಕ್ತೀನಿ, ಪಿಂಗಾಣಿ ಏನೂ ಹೀರಲ್ವಲ್ಲ. ಉಪ್ಪಿನಕಾಯಲ್ಲಿ ಹೊಗೆಸೊಪ್ಪು ಬಂತೋ, ಇವ್ರು ವಾಪಸ್ ಬಾವಿಕಟ್ಟೆಗೆ. ಅದನ್ನೂ ನೀವೇ ಹೇಳ್ಬೇಕು ಅಣ್ಣ.”

ಗೆಳೆಯ ಆ ಜಾಡಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಸೀಗೆಪುಡಿಯಲ್ಲಿ ತೊಳೆದು, ಎಂಟು ದಿನ ಬಿಸಿಲಿನಲ್ಲಿಟ್ಟು ಕಾವಲು ಕಾದನಂತೆ. ಜೂನ್ ತಿಂಗಳಲ್ಲಿ, ಸಹೋದ್ಯೋಗಿಯೊಬ್ಬರ ಕೈಯಲ್ಲಿ ನನಗೊಂದು ಸೀಸೆ ಬಂತು. ಜೊತೆಗೆ ಎರಡು ಚೀಟಿ. ಆಕೆಯದು: ‘ಅಣ್ಣ, ಇದ್ದದ್ದು ಇದ್ದ ಹಾಗೆ ಬರೆಯಿರಿ.’ ಅವನದು: ‘ಇಲ್ಲಿ ಮಳೆ ಜೋರಾಗಿದೆ.’

ಮೊಸರನ್ನದೊಂದಿಗೆ ಒಂದು ಮಿಡಿ ಕಚ್ಚಿದೆ. ಉಪ್ಪು, ಹುಳಿ, ಸಾಸಿವೆ. ಮೂರನೆಯ ಅಗಿತಕ್ಕೆ ಹುಣಸೂರು. ತಲೆ ಹಿತವಾಗಿ ಸುತ್ತಿತು. ಕಿಟಕಿಯ ಹೊರಗೆ ನೋಡಿದೆ. ಪಾಲಾರಿವಟ್ಟಂನಲ್ಲೂ ಮಳೆ ಜೋರಾಗಿಯೇ ಇತ್ತು. ಕಾರ್ಡು ತೆಗೆದು, ‘ಮಿಡಿ ಅಮೋಘ. ಹೊಗೆಸೊಪ್ಪಿನ ಸುಳಿವೂ ಇಲ್ಲ’ ಎಂದು ಬರೆದೆ. ಈ ಮೂಗು ಜೀವಮಾನದಲ್ಲಿ ಹೇಳಿದ ಸುಳ್ಳು ಅದೊಂದೇ.

ವಾರದೊಳಗೆ ಆಕೆಯ ಉತ್ತರ ಬಂತು. ‘ಹಾಗಾದರೆ ಆ ವಾಸನೆ ನಮಗೆ ಮಾತ್ರ ಬರುತ್ತಿದೆ ಅಂತ ಕಾಣುತ್ತೆ. ತೀರ್ಪು ತೀರ್ಪೇ. ಇವರು ಹಾಲ್‌ನಲ್ಲೇ ಇದ್ದಾರೆ. ಉಳಿದ ಮಿಡಿಯನ್ನೆಲ್ಲ ನಿಮಗೇ ಕಳಿಸಿದ್ದೇನೆ.’

ಐದು ಸೀಸೆ. ಮಳೆಗಾಲ ಪೂರ್ತಿ ತಿಂದೆ. ಅಷ್ಟು ದಿನವೂ ಊಟವಾದ ಮೇಲೆ ನನಗೆ ಪೈಪೇ ಬೇಕಾಗಲಿಲ್ಲ.